ಹೆರಾಲ್ಡ್ ಕಾರಿನ ಮೂತಿಗೆ ಕಟ್ಟಿದ ಹಾರ

ಹೋದ ವಾರ ನಂಜನಗೂಡಿನ ದೇವಸ್ಥಾನದ ಬೀದಿಯಲ್ಲಿ ಬರುತ್ತಿದ್ದೆ. ಹೂವಿನ ಅಂಗಡಿಯವಳು ಬಾಡಿದ ಚೆಂಡುಹೂವನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದಳು. ಪಕ್ಕದಲ್ಲೇ ಬೈಕ್ ರಿಪೇರಿಯವನು ಯಾವುದೋ ಗಾಡಿಯ ಹಳೆಯ ಎಣ್ಣೆ ಬಸಿದು ಡಬ್ಬಕ್ಕೆ ಸುರಿಯುತ್ತಿದ್ದ. ಬೇಯುವ ಹೂವು, ಸುಟ್ಟ ಎಂಜಿನ್ ಎಣ್ಣೆ, ಎರಡೂ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹಲ್ಲು ತಾನಾಗಿ ಕಚ್ಚಿಕೊಂಡಿತು. ಜೊತೆಯಲ್ಲಿದ್ದ ಗೆಳತಿ ಗಾಬರಿಯಾಗಿ, "ಯಾಕೆ ಮಂಗಳಾ, ಹಲ್ಲುನೋವಾ?" ಎಂದಳು. "ಇಲ್ಲ, ಸಂಬಂಧಿಕರೊಬ್ಬರು ನೆನಪಾದರು" ಎಂದೆ.

ಆ ಸಂಬಂಧಿಕನ ಹೆಸರು ರಾಜಶೇಖರ. ತಿ. ನರಸೀಪುರದವನು, ನಮ್ಮವ್ವನ ಅಣ್ಣನ ಮಗ, ನನಗೆ ಭಾವ ಆಗಬೇಕು. ಎದುರಿಗೆ ಬಹುವಚನದಲ್ಲಿ ಮಾತಾಡಿಸುತ್ತೇನೆ, ಮನಸ್ಸಿನಲ್ಲಿ ಏಕವಚನ. ಒಂದು ಕಾಲಕ್ಕೆ ನನ್ನನ್ನು ಅವನಿಗೇ ಕೊಡುವ ಮಾತಿತ್ತು. ಹುಡುಗಿಗೆ ಬಾಯಿ ಜಾಸ್ತಿ ಎಂದು ಅವರ ಮನೆಯವರು ಹಿಂದೆ ಸರಿದರು. ನಾನು ಈಗ ಹೇಳಲಿರುವ ಸೇಡಿಗೂ ಆ ಹಳೆಯ ಮಾತಿಗೂ ಏನೇನೂ ಸಂಬಂಧವಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾವು ಕಳಲೆಯವರು. ಅಪ್ಪ ಬಾಳೆ ಬೆಳೆದು, ನಂಜನಗೂಡಿನಲ್ಲಿ ಬಾಳೆಕಾಯಿ ವ್ಯಾಪಾರ ಮಾಡಿಕೊಂಡು ಬಂದವರು. ನಾನು ಅದೇ ಊರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ ಮಾಡಿಕೊಳ್ಳಲಿಲ್ಲ, ಅಪ್ಪ ಅವ್ವನ ಜೊತೆಗೇ ಇದ್ದೇನೆ. ಮನೆಯಲ್ಲಿ ನಾಲ್ಕನೆಯವರು ಒಬ್ಬರಿದ್ದಾರೆ. ಅದು ಅಪ್ಪನ ಹೆರಾಲ್ಡ್ ಕಾರು. ಎರಡೇ ಬಾಗಿಲಿನ, ತಿಳಿ ಹಸಿರು ಬಣ್ಣದ ಹಳೆಯ ಕಾರು. ಬಾನೆಟ್ ತೆರೆದರೆ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಅಪ್ಪ ವಯಸ್ಸಿನಲ್ಲಿದ್ದಾಗ ಒಂದು ಕಾಫಿ ತೋಟದ ಮಾಲೀಕರಿಂದ ತಂದದ್ದು. ಪ್ರತಿ ಸೋಮವಾರ ಬೆಳಿಗ್ಗೆ ಮಡಿಯುಟ್ಟು, ವಿಭೂತಿ ಹಚ್ಚಿ, ಆ ಕಾರಿನಲ್ಲಿ ನಂಜನಗೂಡಿನ ನಂಜುಂಡೇಶ್ವರನ ದರ್ಶನಕ್ಕೆ ಹೋಗಿ ಬರುತ್ತಿದ್ದರು. ದಾರಿಯಲ್ಲಿ ಜನ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದದ್ದು ಅಪ್ಪನಿಗೋ ಕಾರಿಗೋ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಬೆಟ್ಟಗುಡ್ಡ ಹತ್ತುವ ಚಟವಿದ್ದುದರಿಂದ ಅಪ್ಪ ಆ ಕಾರಿಗೆ ಒಂದು ಆಯಿಲ್ ಕೂಲರ್ ಹಾಕಿಸಿದ್ದರು. ಮುಂದಿನ ಬಂಪರಿನ ಕೆಳಗೆ, ಒಂದು ಪುಸ್ತಕದಷ್ಟು ಅಗಲದ ಜಾಲರಿ. ಎಂಜಿನ್ನಿನಲ್ಲಿ ಕಾದ ಎಣ್ಣೆ ಪೈಪಿನಲ್ಲಿ ಅಲ್ಲಿಗೆ ಬಂದು, ಎದುರು ಗಾಳಿಗೆ ಆರಿ, ವಾಪಸ್ಸು ಹೋಗುತ್ತದೆ. ನೀರಿನ ರೇಡಿಯೇಟರ್ ಅದಕ್ಕಿಂತ ಮೇಲೆ, ಬೇರೆಯೇ ಇದೆ. ಹಾಗಾಗಿ ಡ್ಯಾಶ್‌ಬೋರ್ಡಿನಲ್ಲಿ ನೀರಿಗೊಂದು ಮುಳ್ಳು, ಎಣ್ಣೆಗೊಂದು ಮುಳ್ಳು. ಎಣ್ಣೆ ಅತಿಯಾಗಿ ಕಾದರೆ ನೀರಿನಂತೆ ತೆಳ್ಳಗಾಗಿ ಬೇರಿಂಗುಗಳ ನಡುವೆ ನಿಲ್ಲುವುದಿಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಎಂಜಿನ್ ಹಿಡಿದುಕೊಳ್ಳುತ್ತದೆ. ಇಷ್ಟು ನನಗೆ ಚಿಕ್ಕಂದಿನಿಂದ ಗೊತ್ತು, ಏಕೆಂದರೆ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತೇ ಇದು.

ನಂಜನಗೂಡು, ಹೆಡತಲೆ, ನರಸೀಪುರದ ಕಡೆ ಹಳೇ ಕಾರು ಇಟ್ಟುಕೊಂಡವರದ್ದೊಂದು ಗುಂಪಿದೆ. ಪ್ರತಿ ವರ್ಷ ಆಯುಧಪೂಜೆಯ ದಿನ ಎಲ್ಲರೂ ಪೂಜೆ ಮುಗಿಸಿ, ನರಸೀಪುರದ ಸಂಗಮದಲ್ಲಿ ಸೇರಿ, ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತುವುದು ರೂಢಿ. ಕೆಲವು ವರ್ಷಗಳ ಹಿಂದೆ ಒಂದು ಸಲ ಪೂಜೆಗೆ ಮುಂಚೆ ಅಪ್ಪನ ಕಾಲು ಉಳುಕಿತ್ತು. ಭಾವ ಬಂದು, "ಮಾವ, ಹೆರಾಲ್ಡ್ ಇಲ್ದಿದ್ರೆ ಸಾಲಿಗೇ ಕಳೆ ಇಲ್ಲ. ನಾನ್ ಓಡಿಸ್ಕ ಓಯ್ತೀನಿ, ಕೊಡಿ" ಎಂದ. ಅಪ್ಪ ಕೀ ಕೈಗಿಡುತ್ತ ನನ್ನೆದುರಿಗೇ ಹೇಳಿದರು: "ಹಾರನ ಬಾನೆಟ್ ಮ್ಯಾಲೆ ಹಾಕು, ಬಂಪರಿಗೆ ಕಟ್ಬ್ಯಾಡ. ಕೂಲರ್ಗೆ ಗಾಳಿ ಆಡ್ಬೇಕು. ಬೆಟ್ಟ ಹತ್ತುವಾಗ ಎಣ್ಣೆ ಮುಳ್ಳಿನ ಮ್ಯಾಲೆ ಒಂದ್ ಕಣ್ಣಿರ್ಲಿ ಕಣಪ್ಪ." ಭಾವ "ಆಯ್ತು ಮಾವ, ಆಯ್ತು ಮಾವ" ಎನ್ನುತ್ತ ಕನ್ನಡಿಯಲ್ಲಿ ಕ್ರಾಪು ತೀಡಿಕೊಂಡ.

ಸಂಜೆ ಹೆರಾಲ್ಡ್ ಲಾರಿಯ ಮೇಲೆ ಮನೆಗೆ ಬಂತು. ಹಿಂದೆಯೇ ಗುಂಪಿನವರೆಲ್ಲ ಬಂದರು. ಅಂಗಳದ ತುಂಬ ಹಾರ ಹಾಕಿದ ಹಳೇ ಕಾರುಗಳು, ನಡುವೆ ಹಾರವಿಲ್ಲದ ನಮ್ಮದು. ಹತ್ತಿರ ಹೋದರೆ ಕಮಟು ವಾಸನೆ. ಅಪ್ಪ ಕುಂಟುತ್ತ ಹೋಗಿ ಎಣ್ಣೆಯ ಕಡ್ಡಿ ಎಳೆದು ನೋಡಿದರು. ಕರಿ ನೀರಿನಂತಿತ್ತು, ಆದರೆ ಗುರುತಿನ ತನಕ ಇತ್ತು.

"ಎಣ್ಣೆ ಅದೆಯಲ್ಲಪ್ಪ" ಎಂದರು ಅಪ್ಪ.

"ಅದು ನಾನ್ ಹಾಕಿದ್ದು ಮಾವ" ಎಂದ ಭಾವ, ಎಲ್ಲರಿಗೂ ಕೇಳುವ ಹಾಗೆ. "ಬೆಟ್ಟದ ಮಧ್ಯಕ್ಕೆ ನಿಂತೋಯ್ತು. ಕಡ್ಡಿ ಎಳುದ್ರೆ ಒಣಗೋಗದ! ನಾನ್ ಜೊತೇಲಿ ತಂದಿದ್ದ ಡಬ್ಬ ಸುರುದೆ, ಅಷ್ಟೊತ್ಗೆ ಆಗ್ಬಾರದ್ದು ಆಗಿತ್ತು. ಬೇಜಾರ್ ಮಾಡ್ಕಬ್ಯಾಡಿ. ವಯಸ್ಸಾಯ್ತು, ಮರ್ತಿದ್ದೀರಿ. ಇನ್ಮೇಲೆ ನೀವು ಓಡ್ಸದು ಬ್ಯಾಡ."

ಹೆಡತಲೆಯ ಪುಟ್ಟಸ್ವಾಮಪ್ಪನವರು ಆ ಗುಂಪಿಗೆ ಹಿರಿಯರು, ಅಪ್ಪನ ಹಳೆಯ ಸ್ನೇಹಿತರು. ಅವರೂ ನೆಲ ನೋಡಿಕೊಂಡು ನಿಂತರು. ಬೆಳಿಗ್ಗೆ ನಾನೇ ಕಡ್ಡಿ ಎಳೆದು ಅಪ್ಪನಿಗೆ ಎಣ್ಣೆ ತೋರಿಸಿದ್ದೆ ಎಂದು ಕೂಗಿ ಹೇಳಿದೆ. ಭಾವ ನಕ್ಕು, "ಬ್ಲೌಸ್ ಅಳತೆ ಅಲ್ಲ ಮಂಗಳಾ ಇದು" ಎಂದ. ಒಂದಿಬ್ಬರು ನಕ್ಕರು. ಅಪ್ಪ ಕೀಯನ್ನು ಅವ್ವನ ಕೈಗೆ ಕೊಟ್ಟು ಒಳಗೆ ಹೋದರು. ಮರುದಿನದಿಂದ ಅದು ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ತೂಗಾಡಿತು.

ನನಗೆ ಸಿಟ್ಟು ಬಂತು ಎಂದರೆ ಸಾಲದು. ಊಟ ಸೇರಲಿಲ್ಲ. ಸೋಮವಾರ ಬಂದರೆ ಅಪ್ಪ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಮಡಿಯುಟ್ಟು, ಜಗಲಿಯಲ್ಲಿ ಕೂತುಬಿಡುತ್ತಿದ್ದರು. ಬಸ್ಸಿನಲ್ಲಿ ಹೋಗಿ ಬನ್ನಿ ಎಂದರೆ, ಕೇಳುವವರಿಗೆಲ್ಲ ಏನು ಹೇಳಲಿ ಎನ್ನುತ್ತಿದ್ದರು. ಎಣ್ಣೆ ಹಾಕುವುದನ್ನೇ ಮರೆತ ಮುದುಕ ಎಂಬ ಮಾತು ನಂಜನಗೂಡಿನ ಬಾಳೆಕಾಯಿ ವ್ಯಾಪಾರದವರೆಗೂ ಹಬ್ಬಿತ್ತು. ನನ್ನ ಅಂಗಡಿಗೆ ಬಂದ ಹೆಂಗಸರು ಕೂಡ ಅಳತೆ ಕೊಡುತ್ತ, "ನಿಮ್ಮಪ್ಪಾರಿಗೆ ಮರೆವಂತೆ, ಪಾಪ" ಎನ್ನುತ್ತಿದ್ದರು. ಅಂಥವರ ರವಿಕೆಯ ಕಂಕುಳು ಸ್ವಲ್ಪ ಬಿಗಿಯಾಗಿಯೇ ಹೊಲಿದೆ.

ಅದರ ಮೇಲೆ ಭಾವ ಮತ್ತೊಂದು ಮಾತು ಬಿಟ್ಟ. ಕಾರು ಸುಮ್ಮನೆ ತುಕ್ಕು ಹಿಡಿಯುವ ಬದಲು ತನ್ನ ಮನೆಗೆ ಕಳಿಸಲಿ, ತಾನು ಚೆನ್ನಾಗಿಟ್ಟುಕೊಳ್ಳುತ್ತೇನೆ ಎಂದು ಅವ್ವನ ಕಿವಿಯೂದಿದ. ಆಗ ನನಗೆ ಅರ್ಥವಾಯಿತು. ಅವನ ಕಣ್ಣು ಆ ಹೆರಾಲ್ಡ್ ಮೇಲೆ ಮೊದಲಿಂದಲೂ ಇತ್ತು. ಅವ್ವನಿಗೆ ಅಣ್ಣನ ಮಗನ ಮೇಲೆ ಮಮಕಾರ. "ಮುಂದ್ಲ ಆಯುಧಪೂಜೆ ಗಂಟ ನೋಡ್ತೀನಿ. ಅಷ್ಟ್ರೊಳಗೆ ಅದು ಎದ್ದು ಬೆಟ್ಟ ಹತ್ತುದ್ರೆ ಸರಿ, ಇಲ್ದಿದ್ರೆ ರಾಜು ಮನೆಗೆ ಕಳ್ಸದೇಯ" ಎಂದರು. ಅಪ್ಪ ಏನೂ ಅನ್ನದಿದ್ದುದು ನನಗೆ ಅವ್ವನ ಮಾತಿಗಿಂತ ಹೆಚ್ಚು ಉರಿಯಿತು.

ಊಟಿ ರಸ್ತೆಯ ಸಿದ್ದರಾಜುವಿನ ಗ್ಯಾರೇಜಿಗೆ ಕಾರು ಎಳೆಸಿಕೊಂಡು ಹೋದೆ. ಸಿದ್ದರಾಜು ಮಾತಿನಲ್ಲಿ ಎಂಥ ಎಂಜಿನ್ನನ್ನಾದರೂ ಎಬ್ಬಿಸುವವನು, ಕೈ ಮಾತ್ರ ನಿಧಾನ. ಬೇರಿಂಗುಗಳು ಕಿತ್ತುಬಂದಿದ್ದವು. "ಎಣ್ಣೆ ಒಣಗಿದ್ರೆ ಇಂಗಾಗಲ್ಲ ಕಣಕ್ಕ, ಇದು ಎಣ್ಣೆ ಕಾದು ಆಗಿರದು" ಎಂದ. ಆಮೇಲೆ ಅವನು ಕೂಲರ್ ಬಿಚ್ಚಿ ನನ್ನ ಕಡೆ ತಿರುಗಿಸಿದ. ಜಾಲರಿಯ ಸಂದುಸಂದಿನಲ್ಲಿ ಏನೋ ಕಂದು ಬಣ್ಣದ್ದು ಅಂಟಿಕೊಂಡಿತ್ತು. ಉಗುರಿನಿಂದ ಕಿತ್ತು ಮೂಸಿದೆ. ಚೆಂಡುಹೂವಿನ ಎಸಳು. ಬೆಂದು, ಎಣ್ಣೆ ಜಿಡ್ಡಿಗೆ ಒಣಗಿ, ಒಂದರ ಮೇಲೊಂದು ಕೂತಿದ್ದವು.

ಅಲ್ಲೇ ಮೊಬೈಲ್ ತೆಗೆದು ಗುಂಪಿನವರು ಅವತ್ತು ಹಾಕಿದ್ದ ಫೋಟೋಗಳನ್ನು ನೋಡಿದೆ. ಬೆಟ್ಟದ ಬುಡದ ಚೆಕ್‌ಪೋಸ್ಟಿನ ಮುಂದೆ ನಮ್ಮ ಹೆರಾಲ್ಡ್, ಬಂಪರಿನ ಈ ತುದಿಯಿಂದ ಆ ತುದಿಗೆ ಜೋಲು ಬಿಟ್ಟ ತೋಳಿನಷ್ಟು ದಪ್ಪದ ಹಾರ, ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಭಾವ. ಫೋಟೋ ಚೆನ್ನಾಗಿ ಬರಲೆಂದು ಕಟ್ಟಿದ, ಹಾಗೇ ಬೆಟ್ಟ ಹತ್ತಿಸಿದ. ನೀರಿನ ಮುಳ್ಳು ನೆಟ್ಟಗಿತ್ತು, ಎಣ್ಣೆಯ ಮುಳ್ಳನ್ನು ಅವನು ನೋಡಿರಲೇ ಇಲ್ಲ. ಎಂಜಿನ್ ಹಿಡಿದುಕೊಂಡ ಮೇಲೆ ಹಾರ ಕಿತ್ತು ಕಾಡಿಗೆಸೆದಿರಬೇಕು, ಕಾರು ಮನೆಗೆ ಬಂದಾಗ ಅದು ಇರಲಿಲ್ಲ. ಗೊತ್ತಿಲ್ಲದೆ ಮಾಡಿದ್ದರೆ ಹಾರ ಯಾಕೆ ಎಸೆಯಬೇಕಿತ್ತು?

ಅಪ್ಪನಿಗೆ ಎಸಳು ತೋರಿಸಿದೆ. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, "ಬುಡು ಮಗ. ಹೂವಿನ ಮ್ಯಾಲೆ ಏನಂತ ದೂರು ಹೇಳದು" ಎಂದರು. ಅವ್ವ ನಂಬಲಿಲ್ಲ. ಪುಟ್ಟಸ್ವಾಮಪ್ಪನವರಿಗೆ ಫೋನ್ ಮಾಡೋಣವೆಂದುಕೊಂಡೆ, ಆದರೆ ಮಾಡಲಿಲ್ಲ. ನಾನು ಹೇಳಿದರೆ ಅದು ಬಾಯಿಬಡುಕಿ ಮಗಳ ಮಾತಾಗುತ್ತದೆ. ಯಾರ ಮುಂದೆ ಅಪ್ಪನನ್ನು ಮರೆಗುಳಿ ಮಾಡಿದನೋ ಅವರೆಲ್ಲರ ಮುಂದೆ, ಅವನ ಬಾಯಿಂದಲೇ, ಎಣ್ಣೆ ಇತ್ತು ಎಂಬ ಮಾತು ಬರಬೇಕು. ನನಗೆ ಅಷ್ಟೇ ಬೇಕಾಗಿದ್ದದ್ದು. ಅಷ್ಟಕ್ಕಿಂತ ಕಡಿಮೆ ಏನು ಸಿಕ್ಕಿದರೂ ಬೇಡ ಎಂದು ಆ ದಿನವೇ ತೀರ್ಮಾನಿಸಿದೆ.

ಎಂಜಿನ್ ಎದ್ದು ನಿಲ್ಲುವ ಹೊತ್ತಿಗೆ ಮಾರ್ಗಶಿರ ಬಂದಿತ್ತು. ಆ ವರ್ಷ ಚಳಿ ಜೋರು. ಬೆಳಿಗ್ಗೆ ಕಪಿಲೆಯ ಮೇಲಿಂದ ಎದ್ದ ಮಂಜು ಗದ್ದೆ ಬಯಲು ದಾಟಿ ಕಳಲೆಯ ಬೀದಿಗೆ ಬಂದು ಕೂರುತ್ತಿತ್ತು, ಹೊತ್ತು ಮೇಲೇರುವವರೆಗೆ ಎದುರು ಮನೆ ಕಾಣುತ್ತಿರಲಿಲ್ಲ. ನಾನು ಆ ಮಂಜಿನಲ್ಲೇ ಹೆರಾಲ್ಡ್ ಓಡಿಸಿಕೊಂಡು ಅಂಗಡಿಗೆ ಹೋಗಿ ಬರತೊಡಗಿದೆ. ಹೊಸ ಬೇರಿಂಗು ಪಳಗಬೇಕು ಎಂದು ಸಿದ್ದರಾಜು ಹೇಳಿದ್ದ. ಎಣ್ಣೆಯ ಒತ್ತಡ ಚೆನ್ನಾಗಿತ್ತು, ಸದ್ದು ಚೆನ್ನಾಗಿತ್ತು. ನಾನು ಬಹಳ ಖುಷಿಯಾಗಿದ್ದೆ.

ಒಂದು ದಿನ ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಅದರ ಒಳಬದಿಗೆ ಬೆಳ್ಳಗೆ ನೊರೆ ಮೆತ್ತಿಕೊಂಡಿತ್ತು. ಕಡೆಯುವಾಗ ಮೇಲೆ ಬರುವ ಬೆಣ್ಣೆಯ ಹಾಗೆ. ಅದೇ ಹೊತ್ತಿಗೆ ಸರಿಯಾಗಿ ಭಾವ ಅತ್ತೆಯನ್ನು ನೋಡುವ ನೆಪದಲ್ಲಿ ಬಂದ. ಬಗ್ಗಿ ನೋಡಿ, "ಗ್ಯಾಸ್ಕೆಟ್ ಓಯ್ತು. ನೀರು ಎಣ್ಣೆ ಸೇರ್ಕಂಡವೆ. ಮುಗೀತು ಅತ್ತೆ ಇದರ ಕತೆ. ಬಟ್ಟೆ ಒಲ್ಕಂಡು ಕೂತಿರೋಳ ಕೈಗೆ ಎಂಜಿನ್ ಕೊಟ್ರೆ ಇನ್ನೇನಾದದು" ಎಂದ. ಸಿದ್ದರಾಜುವಿಗೆ ಫೋನ್ ಮಾಡಿದರೆ ಅವನೂ ಗ್ಯಾಸ್ಕೆಟ್ಟೇ ಎಂದ, ಹೆಡ್ ಬಿಚ್ಚಬೇಕು, ತನಗೆ ಸಂಕ್ರಾಂತಿ ತನಕ ಬಿಡುವಿಲ್ಲ ಎಂದ. ಭಾವ ಹೋಗುವಾಗ ಕಾರಿನ ಬೆನ್ನು ತಟ್ಟಿ ಹೋದ. ತನ್ನ ವಸ್ತುವನ್ನು ತಟ್ಟುವ ಹಾಗೆ ತಟ್ಟಿದ.

ಅವತ್ತು ನಾನು ಜಗಲಿಯಲ್ಲಿ ಕೂತು ಅತ್ತೆ. ಸಿಟ್ಟಿಗೆ ಅತ್ತದ್ದು, ದುಃಖಕ್ಕಲ್ಲ. ಅಪ್ಪ ಒಳಗಿಂದ ಬಂದರು. ಆ ಆಯುಧಪೂಜೆಯ ನಂತರ ಕಾರಿನ ಹತ್ತಿರ ಸುಳಿದವರಲ್ಲ. ನೇರ ಹೋಗಿ ಮುಚ್ಚಳದ ನೊರೆಯನ್ನು ಬೆರಳಿನಿಂದ ಸವರಿ ನೋಡಿದರು. ರೇಡಿಯೇಟರಿನ ಮುಚ್ಚಳ ತೆಗೆದು ನೀರು ನೋಡಿದರು, ಅದರಲ್ಲಿ ಎಣ್ಣೆಯ ಜಿಡ್ಡಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ.

"ಓಡ್ಸುವಾಗ ಎಣ್ಣೆ ಮುಳ್ಳು ಎಲ್ಲಿಗ್ ಬತ್ತದ?" ಎಂದು ಕೇಳಿದರು.

ಯೋಚಿಸಿದೆ. ಆ ಮುಳ್ಳು ಮೇಲೆ ಹೋಗುತ್ತದೆಯೇ ಎಂಬ ಭಯದಲ್ಲೇ ನಾನು ದಿನವೂ ನೋಡುತ್ತಿದ್ದೆ. ಅದು ಎದ್ದೇ ಇರಲಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

"ಏಳದೇ ಇಲ್ಲ ಕಣಪ್ಪ."

"ಥರ್ಮೋಸ್ಟಾಟ್ ಏನ್ ಮಾಡ್ದ ಸಿದ್ರಾಜ?"

ಕೂಲರಿಗೂ ಎಂಜಿನ್ನಿಗೂ ನಡುವೆ ಒಂದು ಕವಾಟ ಇರುತ್ತದೆ. ಎಣ್ಣೆ ಬಿಸಿಯಾಗುವವರೆಗೆ ಅದು ಕೂಲರಿನ ದಾರಿ ಮುಚ್ಚಿರುತ್ತದೆ, ಕಾದ ಮೇಲೆ ತಾನೇ ತೆರೆಯುತ್ತದೆ. ಅದರಲ್ಲಿ ಲೋಹದ ಪುಡಿ ತುಂಬಿಕೊಂಡಿತ್ತೆಂದು ಸಿದ್ದರಾಜು ಅದನ್ನು ಕಿತ್ತುಹಾಕಿ ಪೈಪನ್ನು ನೇರ ಜೋಡಿಸಿದ್ದ. ಹಾಗೆ ಹೇಳಿದೆ. ಅಪ್ಪ ಎಷ್ಟೋ ದಿನದ ಮೇಲೆ ನಕ್ಕರು.

"ಅಂಗಾರೆ ಗ್ಯಾಸ್ಕೆಟ್ಟೂ ಇಲ್ಲ, ಏನೂ ಇಲ್ಲ. ಎಣ್ಣೆಗೆ ಚಳಿ ಆಯ್ತಾ ಅದ ಕಣವ್ವ. ಗೋಣಿ ಒದಿಸು."

ಎಣ್ಣೆ ಕಾಯದಿದ್ದರೆ ಎಂಜಿನ್ನಿನೊಳಗಿನ ತೇವ ಆವಿಯಾಗಿ ಹೋಗುವುದಿಲ್ಲವಂತೆ, ಎಣ್ಣೆಯಲ್ಲೇ ಉಳಿದು ನೊರೆಯಾಗುತ್ತದೆಯಂತೆ. ಕೂಲರಿನ ಮುಂದೆ ಗೋಣಿಚೀಲ ಮಡಿಸಿ ಕಟ್ಟಿದೆ. ಮರುದಿನ ಮಂಜಿನಲ್ಲಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹದಿನಾರು ಗ್ರಾಮದ ಕಡೆಯಿಂದ ನರಸೀಪುರದವರೆಗೆ ಹೋಗಿ ಬಂದೆ. ಅಪ್ಪ ಮುಳ್ಳನ್ನೇ ನೋಡುತ್ತಿದ್ದರು. ಅದು ಮೆಲ್ಲಗೆ ಎದ್ದು, ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಬಂತು. ಮನೆಗೆ ಬಂದು ಮುಚ್ಚಳ ತೆಗೆದರೆ ನೊರೆ ಹೆಚ್ಚುಕಡಿಮೆ ಹೋಗಿತ್ತು. ಎರಡನೇ ದಿನಕ್ಕೆ ಪೂರಾ ಹೋಯಿತು. ಓಡಿಸಿ ಅಂದರೆ ಮಾತ್ರ ಅಪ್ಪ ಒಪ್ಪಲಿಲ್ಲ. ಕೀ ಕೈಗೆ ಕೊಟ್ಟರೆ ವಾಪಸ್ಸು ನನ್ನ ಮಡಿಲಿಗೆ ಹಾಕಿದರು. "ನಾಕ್ ಜನದ ಮುಂದೆ ಓದ ಮಾನ ಮಗ, ನಮ್ಮನೆ ಅಂಗಳದಲ್ಲಿ ಬರಲ್ಲ" ಎಂದರು. ಆ ಮಾತನ್ನು ನಾನು ಎದೆಯಲ್ಲಿ ಇಟ್ಟುಕೊಂಡೆ.

ಗೋಣಿ ನೋಡಲು ಚೆನ್ನಾಗಿರಲಿಲ್ಲವೆಂದು ಕ್ಯಾನ್ವಾಸ್ ಬಟ್ಟೆಯಲ್ಲಿ ಕೂಲರಿಗೊಂದು ಮುಸುಕು ಹೊಲಿದೆ, ಮೇಲಿನಿಂದ ಕೆಳಗೆ ಒತ್ತುಗುಂಡಿ ಇಟ್ಟು. ಚಳಿಗೆ ಪೂರಾ ಮುಚ್ಚುವುದು, ಬಿಸಿಲೇರಿದರೆ ಅರ್ಧ ಬಿಚ್ಚುವುದು. ಶಿವರಾತ್ರಿ ಕಳೆಯುತ್ತಿದ್ದಂತೆ ಕಳಚಿಟ್ಟೆ. ಬೇಸಿಗೆಯಲ್ಲಿ ಸಿದ್ದರಾಜು ಮೈಸೂರಿನ ಗುಜರಿಯಿಂದ ಸರಿಹೊಂದುವ ಥರ್ಮೋಸ್ಟಾಟ್ ಹುಡುಕಿ ತಂದ. ಬಿಸಿನೀರಿನ ಪಾತ್ರೆಯಲ್ಲಿ ಬಿಟ್ಟು ಅದು ತೆರೆಯುವುದನ್ನು ನಾನು ಅಪ್ಪ ಇಬ್ಬರೂ ಅಡುಗೆಮನೆಯಲ್ಲಿ ನಿಂತು ನೋಡಿದೆವು. ಅವ್ವ ಅದು ತಾನು ಸಾರು ಮಾಡುವ ಪಾತ್ರೆ ಎಂದು ಕೂಗಾಡಿದರು.

ಮಳೆಗಾಲದಲ್ಲಿ ಒಂದು ಸುದ್ದಿ ಬಂತು. ಭಾವ ತನ್ನ ಅಂಬಾಸಿಡರಿಗೂ ಆಯಿಲ್ ಕೂಲರ್ ಹಾಕಿಸಿದ್ದಾನೆ ಎಂದು. ಗುಂಪಿಗೆ ವಿಡಿಯೋ ಕಳಿಸಿದ್ದ. ಬಂಪರಿನ ಕೆಳಗೆ ಬೆರಳು ತೋರಿಸುತ್ತ, "ಇದರ ಮುಂದೆ ಏನೂ ಅಡ್ಡ ಇರಬಾರದು ಫ್ರೆಂಡ್ಸ್, ಗಾಳಿ ನೇರವಾಗಿ ಹೊಡೀಬೇಕು" ಎಂದು ಪಾಠ ಹೇಳುತ್ತಿದ್ದ. ನಾನು ಆ ವಿಡಿಯೋ ಮತ್ತೆ ಮತ್ತೆ ನೋಡಿದೆ. ಅಂಗಡಿಯಲ್ಲಿ ಮಿಷನ್ ತುಳಿಯುತ್ತಲೇ ಏನು ಮಾಡಬೇಕೆಂಬುದು ಹೊಳೆಯಿತು. ಅಷ್ಟು ಸುಲಭದ ಉಪಾಯ ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ನನಗೆ ನಾನೇ ನಕ್ಕೆ.

ಆಯುಧಪೂಜೆಯ ಹಿಂದಿನ ದಿನ ಒಂದು ಕುಕ್ಕೆ ಚೆಂಡುಹೂವು ತರಿಸಿದೆ. ನಾನೇ ಕೂತು ಕಟ್ಟಿದೆ. ಹೂವಾಡಗಿತ್ತಿಯರ ಬಾಳೆನಾರು ನನಗೆ ಬೇಡವಾಗಿತ್ತು. ಕೋಟಿನ ಗುಂಡಿ ಹೊಲಿಯುವ ಮೇಣದ ದಾರ ಎರಡೆಳೆ ಹಾಕಿ, ಹೂವಿಗೆ ಹೂವು ಒತ್ತಿ, ಬೆಳಕು ತೂರದ ಹಾಗೆ ಪೋಣಿಸಿದೆ. ನಡುವೆ ಮಾವಿನೆಲೆ. ಅಪ್ಪ ಬಂದು ನೋಡಿ, "ಯಾರಿಗೆ ಇಷ್ಟ್ ದಪ್ಪದ್ದು?" ಎಂದರು. "ಮರ್ಯಾದಸ್ಥರಿಗೆ" ಎಂದೆ.

ಹೆರಾಲ್ಡ್ ಓಡಿಸಿದವಳು ನಾನು, ಪಕ್ಕದಲ್ಲಿ ಅಪ್ಪ. ಸಂಗಮದಲ್ಲಿ ನಮ್ಮನ್ನು ನೋಡಿದ ಭಾವನ ಮುಖ ಸ್ವಲ್ಪ ಬಿಗಿಯಾಯಿತು, ಆದರೂ ಎಲ್ಲರಿಗಿಂತ ಮೊದಲು ಬಂದು ಅಪ್ಪನ ಕಾಲು ಮುಟ್ಟಿದ. ಅವನ ಕಾರಿನ ಹಾರ ಬಾನೆಟ್ಟಿನ ಮೇಲಿತ್ತು. ಎಲ್ಲಿ ಹಾಕಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಯಳಂದೂರು ದಾಟಿ ಬೆಟ್ಟದ ಬುಡದ ಚೆಕ್‌ಪೋಸ್ಟಿಗೆ ಸ್ವಲ್ಪ ಮುಂಚೆ, ಟೀ ಅಂಗಡಿಯ ಹತ್ತಿರ ಎಲ್ಲರೂ ಇಳಿದರು. ಬಿಸಿಲು ಚುರುಕಾಗಿತ್ತು. ಹಿಂದಿನ ವರ್ಷ ನಮ್ಮ ಅಂಗಳದಲ್ಲಿ ನಿಂತಿದ್ದವರು ಅಷ್ಟೂ ಜನ ಅಲ್ಲಿದ್ದರು. ನಾನು ಡಿಕ್ಕಿ ತೆಗೆದು ಹಾರ ಹೊರಗೆಳೆದೆ.

"ಭಾವ, ಹೋದ್ ಸಲ ನಮ್ಮ ಕಾರಿಗೆ ಇದೇ ಜಾಗದಲ್ಲಿ ಹಾರ ಹಾಕಿ ಮರ್ಯಾದೆ ಮಾಡಿದ್ರಿ. ಈ ಸಲ ನಮ್ಮ ಮನೆ ಕಡೆಯಿಂದ ನಿಮ್ಮ ಕಾರಿಗೆ" ಎಂದೆ.

ಎಲ್ಲರೂ ಚಪ್ಪಾಳೆ ಹೊಡೆದರು. ಮೊಬೈಲುಗಳು ಹೊರಗೆ ಬಂದವು. ನಾನು ಬಗ್ಗಿ, ಬಂಪರಿನ ಈ ತುದಿಗೊಂದು ಗಂಟು, ಆ ತುದಿಗೊಂದು ಗಂಟು, ನಡುವೆ ಎರಡು ಗಂಟು ಹಾಕಿದೆ. ಹಾರ ಜೋಲುಬಿದ್ದು ಕೂಲರಿನ ಮೇಲೆ ಸರಿಯಾಗಿ ಕೂತಿತು, ಅಳತೆ ತೆಗೆದು ಹೊಲಿದ ಹಾಗೆ.

"ಮ್ಯಾಲೆ ಓದ್ಮೇಲೆ ಹಾಕಣ ಮಂಗಳಾ" ಎಂದ ಭಾವ, ನಗಲು ಪ್ರಯತ್ನಿಸುತ್ತ.

"ಹೋದ್ ಸಲ ಇಲ್ಲೇ ಅಲ್ವಾ ಹಾಕಿದ್ದು? ಫೋಟೋ ಅದೆಯಲ್ಲ."

ಪುಟ್ಟಸ್ವಾಮಪ್ಪನವರು, "ಎಣ್ಮಗು ಮನಸಿಟ್ಟು ಕಟ್ಕ ಬಂದದ, ಇರ್ಲಿ ಬುಡಪ್ಪ ರಾಜು. ಓಡ್ರಿ, ಒತ್ತಾಯ್ತು" ಎಂದರು. ಎಲ್ಲರೂ ಕಾರು ಹತ್ತಿದರು. ಭಾವನೂ ಹತ್ತಿದ.

ಅವನು ಹಾಗೇ ಬೆಟ್ಟ ಹತ್ತಿಬಿಟ್ಟಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದವರಿದ್ದಾರೆ. ಏನೂ ಮಾಡುತ್ತಿರಲಿಲ್ಲ. ಹಿಂದೆಯೇ ಹೋಗಿ, ಮುಕ್ಕಾಲು ಬೆಟ್ಟದಲ್ಲಿ ಅವನ ಎಂಜಿನ್ ಹಿಡಿದುಕೊಳ್ಳುವ ಸದ್ದು ಕೇಳುತ್ತಿದ್ದೆ. ಬಾಯಿ ಬಿಟ್ಟರೆ ಮಾನ, ಬಿಡದಿದ್ದರೆ ಎಂಜಿನ್. ಎರಡರಲ್ಲಿ ಯಾವುದು ಹೋದರೂ ನನಗೆ ಸರಿಯೇ ಆಗಿತ್ತು. ಅವತ್ತೂ ಹಾಗೇ ಅನಿಸಿತ್ತು, ಇವತ್ತೂ ಹಾಗೇ ಅನಿಸುತ್ತದೆ.

ಅಂಬಾಸಿಡರ್ ಶುರುವಾಯಿತು. ಚೆಕ್‌ಪೋಸ್ಟಿನ ಕಂಬದವರೆಗೆ ಹೋಯಿತು, ನಿಂತಿತು. ಭಾವ ಇಳಿದ. ಸುತ್ತ ಒಮ್ಮೆ ನೋಡಿ, ಬಂಪರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಗಂಟು ಬಿಚ್ಚತೊಡಗಿದ. ಮೇಣದ ದಾರ, ನನ್ನ ಗಂಟು. ಉಗುರು ಹಾಕಿದ, ಹಲ್ಲು ಹಾಕಿದ, ಬರಲಿಲ್ಲ. ಹಿಂದಿನ ಕಾರುಗಳವರು ಏನಾಯಿತೆಂದು ಒಬ್ಬೊಬ್ಬರಾಗಿ ಇಳಿದು ಬಂದರು. ನಾನೂ ಹೋದೆ. ಚೀಲದಿಂದ ಬಟ್ಟೆ ಕತ್ತರಿಸುವ ಕತ್ತರಿ ತೆಗೆದು ಅವನ ಮುಂದೆ ಹಿಡಿದೆ.

"ಕತ್ತರಿ ಬೇಕಾ ಭಾವ?"

ತಲೆಯೆತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಅವನಿಗೆ ಎಲ್ಲವೂ ಅರ್ಥವಾದದ್ದು ನನಗೆ ಕಂಡಿತು. ಕತ್ತರಿ ತೆಗೆದುಕೊಂಡ.

"ಯಾಕ್ಲಾ ರಾಜು, ಮಂಗಳದ ದಿನ ಹಾರ ಕತ್ತರುಸ್ತಿಯೆ?" ಎಂದು ಪುಟ್ಟಸ್ವಾಮಪ್ಪನವರು ಗದರಿದರು.

"ಕೂಲರ್ ಮುಚ್ಕತದ ದೊಡ್ಡಪ್ಪ. ಬೆಟ್ಟದಲ್ಲಿ ಎಣ್ಣೆ ಕಾದು... ಬೇರಿಂಗ್ ಓಗ್ಬುಡ್ತದ."

ಅಷ್ಟು ಹೇಳಿದ ಮೇಲೆ ತಾನೇ ಕೇಳಿಸಿಕೊಂಡ. ಅಲ್ಲಿ ನಿಂತವರೂ ಕೇಳಿಸಿಕೊಂಡರು. ಪುಟ್ಟಸ್ವಾಮಪ್ಪನವರು ಅವನನ್ನು ನೋಡಿದರು, ಆಮೇಲೆ ನಮ್ಮ ಹೆರಾಲ್ಡ್ ನೋಡಿದರು. "ಓದ್ ವರ್ಸ ಇವ್ರ ಗಾಡಿಗೂ ಇಲ್ಲೇ ಅಲ್ಲುವ್ಲಾ ನೀನು ಹಾರ ಕಟ್ಟಿದ್ದು?" ಎಂದರು.

ಭಾವ ಕತ್ತರಿ ಹಿಡಿದು ಹಾಗೇ ಕೂತಿದ್ದ. ಅಪ್ಪ ಅಷ್ಟು ಹೊತ್ತಿಗೆ ಕಾರಿನಿಂದಿಳಿದು ನಿಧಾನಕ್ಕೆ ಬಂದಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಕೀ ಕೊಡುವಾಗ ಯೋಳಿದ್ನಲ್ಲ ರಾಜು?"

"ಯೋಳಿದ್ರಿ ಮಾವ."

"ಎಣ್ಣೆ?"

ಕತ್ತರಿಯ ತುದಿಯಲ್ಲಿ ಒಂದು ಎಸಳು ಅಂಟಿಕೊಂಡಿತ್ತು. ಅವನು ಅದನ್ನೇ ನೋಡುತ್ತಿದ್ದ.

"ಇತ್ತು ಮಾವ. ಎಣ್ಣೆ ಇತ್ತು. ನಾನ್ ಏನೂ ಹಾಕ್ನಿಲ್ಲ."

ಒಂದು ವರ್ಷ ಆ ಮಾತಿಗೆ ಕಾದಿದ್ದೆ. ಕೇಳಿದಾಗ ಕುಣಿಯಬೇಕು ಅನಿಸುತ್ತದೆ ಎಂದುಕೊಂಡಿದ್ದೆ, ಹಾಗೇನೂ ಅನಿಸಲಿಲ್ಲ. ಹಸಿದು ಉಂಡಾಗ ಹೊಟ್ಟೆಗಾಗುವ ನೆಮ್ಮದಿ ಇರುತ್ತದಲ್ಲ, ಅಷ್ಟೇ ಆಯಿತು. ಅಪ್ಪ ಅಲ್ಲಿ ನಿಂತಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದರು. ಹಿಂದಿನ ವರ್ಷ ಅಂಗಳದಲ್ಲಿ ನಕ್ಕಿದ್ದವರು ನೆಲ ನೋಡಿದರು. ಆಮೇಲೆ ಅಪ್ಪ ನನ್ನ ಕಡೆ ತಿರುಗಿ ಕೈ ಚಾಚಿದರು.

"ಕೀ ತಾ ಮಗ."

ಬೆಟ್ಟವನ್ನು ಅಪ್ಪನೇ ಹತ್ತಿಸಿದರು. ಸಾಲಿನ ಮುಂದಕ್ಕೆ ನಮ್ಮ ಹೆರಾಲ್ಡ್ ಹೋಗಲೆಂದು ಪುಟ್ಟಸ್ವಾಮಪ್ಪನವರು ತಮ್ಮ ಜೀಪನ್ನು ಪಕ್ಕಕ್ಕೆ ಹಾಕಿ ದಾರಿ ಬಿಟ್ಟರು. ತಿರುವುಗಳಲ್ಲಿ ಎಂಜಿನ್ ಒಂದೇ ಸಮನೆ ಎಳೆಯಿತು. ಎಣ್ಣೆಯ ಮುಳ್ಳು ಏರುತ್ತ ಬಂದು, ಥರ್ಮೋಸ್ಟಾಟ್ ತೆರೆದೊಡನೆ ಅಲ್ಲೇ ನಿಂತಿತು. ಅಪ್ಪ ಅದನ್ನೊಮ್ಮೆ ನೋಡಿ, ಬೆಟ್ಟ ಮುಗಿಯುವವರೆಗೆ ಮತ್ತೆ ನೋಡಲಿಲ್ಲ.

ಅಲ್ಲಿಂದೀಚೆಗೆ ಸೋಮವಾರದ ದರ್ಶನ ತಪ್ಪಿಲ್ಲ. ಅವ್ವ ಅಣ್ಣನ ಮಗನ ಮಾತನ್ನು ನನ್ನೆದುರಿಗೆ ಎತ್ತುವುದಿಲ್ಲ. ಭಾವ ಗುಂಪಿನಲ್ಲಿ ಇನ್ನೂ ಇದ್ದಾನೆ, ಸಾಲಿನ ಕೊನೆಯಲ್ಲಿ ಬರುತ್ತಾನೆ. ನಾನು ಮಾತ್ರ ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಒಂದು ಚೆಂಡುಹೂವಿನ ಹಾರ ಕಟ್ಟಿ ನರಸೀಪುರದ ಬಸ್ಸಿನಲ್ಲಿ ಕಳಿಸುತ್ತೇನೆ. ಅದೇ ಮೇಣದ ದಾರ. ಬೇಡ ಎನ್ನುವಂತಿಲ್ಲ, ಹಬ್ಬದ ದಿನ ಹೆಣ್ಣುಮಗಳು ಕಳಿಸಿದ ಹೂವು. ಸಂಜೆ ಫೋನ್ ಮಾಡಿ, "ಹಾರ ಬಂತಾ ಭಾವ?" ಎನ್ನುತ್ತೇನೆ. "ಬಂತು ಮಂಗಳಾ" ಎನ್ನುತ್ತಾನೆ. "ಎಲ್ಲಿಗೆ ಕಟ್ಟಿದ್ರಿ?" ಎಂದರೆ "ಬಾಗ್ಲಿಗೆ" ಎನ್ನುತ್ತಾನೆ.

ಇಷ್ಟು ವರ್ಷವಾಯಿತು, ಇನ್ನು ಸಾಕು ಬಿಡು ಎಂದು ಗೆಳತಿಯರು ಹೇಳುತ್ತಾರೆ. ಹೂವಿನ ಮೇಲೆ ಏನಂತ ದೂರು ಹೇಳುವುದು ಎಂದಿದ್ದ ಅಪ್ಪನಿಗೂ ಇದು ಹಿಡಿಸುವುದಿಲ್ಲ ಎಂದೇ ನಾನು ತಿಳಿದಿದ್ದೆ. ಹಾಗಾಗಿ ಹಾರವನ್ನು ಅಂಗಡಿಯಲ್ಲಿ ಕೂತು, ಅವರ ಕಣ್ಣಿಗೆ ಬೀಳದಂತೆ ಕಟ್ಟುತ್ತಿದ್ದೆ. ಹೋದ ವಾರ ಆ ಬೆಂದ ಹೂವಿನ ವಾಸನೆ ಮೂಗಿನಲ್ಲಿಟ್ಟುಕೊಂಡೇ ಮನೆಗೆ ಬಂದೆ. ಅಪ್ಪ ಅಂಗಳದಲ್ಲಿ ಹೆರಾಲ್ಡಿನ ಮೂತಿ ಬಾಗಿಸಿ ಎಣ್ಣೆಯ ಕಡ್ಡಿ ಒರೆಸುತ್ತಿದ್ದರು. ನನ್ನ ಕಡೆ ತಿರುಗದೆಯೇ ಕೇಳಿದರು:

"ಆಯುಧಪೂಜೆ ಅತ್ರ ಬಂತಲ್ಲ ಮಗ. ನರಸೀಪುರದ ಹಾರಕ್ಕೆ ಹೂವಿಗೆ ಯೋಳಿದ್ದೀಯಾ? ಓದ್ ಸಲ ಕಳ್ಸಿದ್ದು ವಸಿ ತೆಳ್ಳಗಿತ್ತಂತೆ. ಈ ಸಲ ದಪ್ಪಕೇ ಕಟ್ಟು."